ಮೂರನೆಯ ‘ಬೇಡ’

ತಟ್ಟೆಯಲ್ಲಿ ಕುಂಬಳಕಾಯಿ ಕೇಕಿನ ಒಂದೇ ತುಂಡು ಉಳಿದಿತ್ತು. ಎದುರು ಕೂತಿದ್ದ ಹೆಂಗಸಿನ ಕಣ್ಣು ಅದರ ಮೇಲಿತ್ತು. ನನ್ನ ಕಣ್ಣೂ ಅದರ ಮೇಲೇ ಇತ್ತು, ಆದರೆ ನನಗೆ ಹಸಿವಿರಲಿಲ್ಲ.

ಆಕೆ ಚಾಕು ತೆಗೆದುಕೊಂಡು ತುಂಡನ್ನು ನಡುವೆ ಕತ್ತರಿಸಿದಳು. ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು, ಇನ್ನರ್ಧ ತಟ್ಟೆಯಲ್ಲೇ ಉಳಿಯಿತು. ನಾನು ಮುಟ್ಟಲಿಲ್ಲ. ಲೋಟದ ಕಾಫಿ ಮುಗಿಯುವ ಹೊತ್ತಿಗೆ ಆಕೆಯ ಕೈ ಮತ್ತೆ ಚಾಕುವಿನ ಮೇಲೆ ಹೋಯಿತು. ಆ ಅರ್ಧವೂ ಅರ್ಧವಾಯಿತು.

“ಅರಿಜೋನಾದವರು ಅಂದ್ರಲ್ವಾ ನೀವು?” ಎಂದು ಕೇಳಿದೆ.

“ಹೂಂ. ಹುಟ್ಟಿದ್ದು ಬೆಳೆದಿದ್ದು ಎಲ್ಲಾ ಅಲ್ಲೇ.”

ಅಪ್ಪಟ ಸುಳ್ಳು. ಅರಿಜೋನಾದವರು ಕೊನೆಯ ತುಂಡನ್ನು ತಿಂದು ಕೈ ತೊಳೆಯುತ್ತಾರೆ, ಇಲ್ಲವೇ ಮುಟ್ಟದೆ ಎದ್ದು ಹೋಗುತ್ತಾರೆ. ಅರ್ಧದಲ್ಲಿ ಅರ್ಧ ಮಾಡುತ್ತಾ, ಕೊನೆಗೆ ಇರುವೆಗೂ ಸಾಲದಷ್ಟು ಉಳಿಸಿ, ಯಾರಾದರೂ ತಗೊಳ್ಳಿ ಎನ್ನುವ ಜನ ನಾವು, ಮಿನೆಸೋಟದವರು. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿದು ಬೆಳೆದವರು. ಕೊನೆಯ ತುಂಡಿಗೆ ಕೈ ಹಾಕಿದರೆ ಅಮ್ಮ ಮೇಜಿನ ಕೆಳಗೆ ಚಿವುಟುತ್ತಿದ್ದಳು. ಆ ಚಿವುಟಿನ ನೆನಪು ಸಾಯುವ ತನಕ ಹೋಗುವುದಿಲ್ಲ, ಹೆಸರು ಬದಲಾಯಿಸಿದರೂ ಹೋಗುವುದಿಲ್ಲ.

ಈಕೆಯ ಹೆಸರು ಸದ್ಯಕ್ಕೆ ಕಾನಿ. ನಾರ್ತ್ ಡಕೋಟದ ವಾಂಗ್ ಎಂಬ ಊರಿನಲ್ಲಿ, ಹೆದ್ದಾರಿ ಪಕ್ಕದ ಈ ಹೋಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಮಧ್ಯಾಹ್ನದ ಊಟ ಮುಗಿದು ಗಿರಾಕಿಗಳು ಹೋಗಿದ್ದರು, ನಾವಿಬ್ಬರೂ ಹಿಂದಿನ ಕೋಣೆಯಲ್ಲಿ ಕೂತಿದ್ದೆವು. ಮಾಲೀಕ ವೆಂಡೆಲ್ ಪಕ್ಕದ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ನಮ್ಮ ಮಾತಿಗೆ ಕಿವಿ ಕೊಡದವನಂತೆ ನಟಿಸುತ್ತಿದ್ದ. ನಾನು ಹಾರ್ಲನ್ ಕ್ವಿಸ್ಟ್, ನದಿಯಾಚೆಯ ಮಿನೆಸೋಟದವನು, ಅಲ್ಲಿನ ಶೆರಿಫ್ ಕಚೇರಿಯ ಪತ್ತೇದಾರ. ಈ ದಡದಲ್ಲಿ ನನ್ನ ಬಿಲ್ಲೆಗೆ ಕವಡೆ ಕಿಮ್ಮತ್ತಿಲ್ಲ. ಯಾರನ್ನೂ ಹಿಡಿಯುವ ಹಾಗಿಲ್ಲ, ಕಾಫಿ ಕುಡಿದು ಮಾತಾಡಬಹುದು, ಅಷ್ಟೇ.

ನಾನು ಬಂದದ್ದು ಆರ್ಲಿಸ್ ಬ್ರೆಕ್ಕೆ ಎಂಬವಳಿಗಾಗಿ. ಆರ್ಲಿಸ್ ನಮ್ಮೂರಿನ ಶಾಲಾ ಬಸ್ಸು ಓಡಿಸುವವಳು. ಈ ಬೇಸಿಗೆಯಲ್ಲಿ ಯಾರೋ ಹೆಂಗಸು ಇದೇ ವಾಂಗ್‌ನಲ್ಲಿ ಪಿಕಪ್ ಗಾಡಿಯನ್ನು ದೀಪದ ಕಂಬಕ್ಕೆ ಗುದ್ದಿದ್ದಳು. ಪೊಲೀಸಿನವನು ಬಂದಾಗ, ಲೈಸೆನ್ಸ್ ಮನೆಯಲ್ಲಿದೆ ಎಂದು ಹೇಳಿ, ಆರ್ಲಿಸಳ ಹೆಸರನ್ನೂ ಹುಟ್ಟಿದ ತಾರೀಖನ್ನೂ ಗಿಳಿಪಾಠ ಒಪ್ಪಿಸಿ, ಕೋರ್ಟಿಗೆ ಹಾಜರಾಗುವ ಚೀಟಿಗೆ ಸಹಿ ಹಾಕಿ ಹೋದಳು. ಕೋರ್ಟಿಗೆ ಮಾತ್ರ ಹೋಗಲಿಲ್ಲ. ಇಲ್ಲಿನ ಕೋರ್ಟು ವಾರಂಟ್ ಹೊರಡಿಸಿತು, ಅಲ್ಲಿ ಆರ್ಲಿಸಳ ಲೈಸೆನ್ಸ್ ಅಮಾನತಾಯಿತು.

ಮಂಗಳವಾರ ಶಾಲೆ ಶುರು. ಅಷ್ಟರೊಳಗೆ ನಿಜವಾದ ಅಪರಾಧಿಯ ಹೆಸರು ಸಿಗದಿದ್ದರೆ ಆ ಬಸ್ಸಿನಲ್ಲಿ ಬೇರೆಯವರು ಕೂರುತ್ತಾರೆ. ಜನ ಆಗಲೇ ಶುರುಮಾಡಿದ್ದರು. ಜೀವಮಾನದಲ್ಲಿ ಒಂದು ಹನಿ ಬಿಯರ್ ಮುಟ್ಟದವಳು ಕುಡಿದು ಕಂಬಕ್ಕೆ ಗುದ್ದಿದಳಂತೆ ಎಂದು ಕಿರಾಣಿ ಅಂಗಡಿಯಲ್ಲಿ ನನ್ನ ಕಿವಿಯಾರೆ ಕೇಳಿದೆ. ನಮ್ಮೂರಲ್ಲಿ ಎದುರು ಬರುವ ಪ್ರತಿ ಗಾಡಿಗೂ ಸ್ಟೀರಿಂಗ್ ಮೇಲಿನ ಒಂದು ಬೆರಳೆತ್ತಿ ನಮಸ್ಕಾರ ಹೇಳುವುದು ರೂಢಿ. ಆರ್ಲಿಸಳಿಗೆ ಬೆರಳೆತ್ತುವವರು ಕಡಿಮೆಯಾಗುತ್ತಿದ್ದರು. ನನಗೆ ಮೈ ಉರಿದುಹೋಗಿತ್ತು.

ಪಾಪ, ಆಕೆ ದೂರು ಕೊಡಲೂ ಹಿಂಜರಿದಿದ್ದಳು. ಅದೂ ನಮ್ಮವರ ಗುಣವೇ. ನಮ್ಮ ಕಡೆ ಕಾಫಿ ಕೊಡಲೇ ಎಂದರೆ ಮೊದಲು ಬೇಡ ಅನ್ನಬೇಕು. ಎರಡನೆಯ ಸಲ, ನಿಮಗ್ಯಾಕೆ ತೊಂದರೆ ಅನ್ನಬೇಕು. ಮೂರನೆಯ ಸಲ ಕೇಳಿದಾಗ, ಸರಿ, ಅರ್ಧ ಲೋಟ ಸಾಕು ಎಂದು ಲೋಟದ ತುಂಬ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎಂದವನು ಹೊಟ್ಟೆಬಾಕ, ಎರಡನೆಯ ಸಲಕ್ಕೆ ಕೇಳುವುದನ್ನು ನಿಲ್ಲಿಸಿದವನು ಜಿಪುಣ.

ಶಾಲೆಯ ಮುಖ್ಯಸ್ಥರು ಆಕೆಯನ್ನು ನನ್ನ ಕಚೇರಿಗೆ ಕರೆತಂದಾಗ ನಾನು ಕಾನೂನು ವಿವರಿಸಿದೆ. ಹೆಸರು ಯಾವ ರಾಜ್ಯದಲ್ಲಿ ಕಳುವಾದರೂ ಸರಿ, ಕಳಕೊಂಡವರು ನಮ್ಮಲ್ಲಿ ವಾಸವಾಗಿದ್ದರೆ ನಾವು ದೂರು ಬರೆದುಕೊಳ್ಳಲೇಬೇಕು. ಆರ್ಲಿಸ್, ಬೇಡ ಹಾರ್ಲನ್, ನಿಮಗೆ ನೂರೆಂಟು ಕೆಲಸ ಎಂದಳು. ಮತ್ತೆ ಹೇಳಿದೆ. ಹೋಗಲಿ ಬಿಡಿ, ಯಾರೋ ಏನೋ ಕಷ್ಟದಲ್ಲಿ ಮಾಡಿರಬೇಕು ಎಂದಳು. ಮೂರನೆಯ ಸಲ ಕಿಟಕಿಯ ಕಡೆ ತಿರುಗಿ, “ಬೇಡ” ಎಂದಳು. ಅದಕ್ಕೆ ಕಾರಣ ಏನನ್ನೂ ಸೇರಿಸಲಿಲ್ಲ. ನಾನು ನಕ್ಕು ಆಕೆಯ ಕೈಗೆ ಪೆನ್ನು ಕೊಟ್ಟೆ. ಪಕ್ಕದಲ್ಲಿ ಶಾಲೆಯ ಮುಖ್ಯಸ್ಥರು ಕೂತಿದ್ದರು. ಆರ್ಲಿಸ್ ಸಹಿ ಹಾಕಿದಳು.

ಮೊದಲು ನನ್ನ ಗುಮಾನಿ ಬಿದ್ದದ್ದು ಬದಲಿ ಚಾಲಕಿಯ ಮೇಲೆ. ಆರ್ಲಿಸ್ ಹೋದರೆ ಬಸ್ಸು ಅವಳಿಗೇ. ಬಸ್ ಶೆಡ್ಡಿನ ಗೋಡೆಯ ಮೇಲೆ ಎಲ್ಲರ ಹುಟ್ಟಿದ ತಾರೀಖನ್ನೂ ಬರೆದು ಅಂಟಿಸಿರುತ್ತಾರೆ. ಆದರೆ ಕಂಬಕ್ಕೆ ಗಾಡಿ ಗುದ್ದಿದ ದಿನ ಅವಳು ತಂಗಿಯ ಮದುವೆಯಲ್ಲಿ ಊರವರೆಲ್ಲರ ಕಣ್ಣೆದುರು ಕುಣಿಯುತ್ತಿದ್ದಳು. ಆಮೇಲೆ ಪಿಕಪ್ಪಿನ ನಂಬರು ಹಿಡಿದು ಹೊರಟೆ. ಅದು ವೆಂಡೆಲನದು. ಬೇರೆ ಯಾರಿಗೂ ಕೊಡುವವನಲ್ಲ, ಅಡುಗೆಯವಳು ಸಾಮಾನು ತರಲು ಮಾತ್ರ ಒಯ್ಯುತ್ತಾಳೆ ಎಂದು ಫೋನಿನಲ್ಲೇ ಹೇಳಿಬಿಟ್ಟಿದ್ದ.

ಹಾಗಾಗಿ ಇವತ್ತು ಈ ಮೇಜು, ಈ ಕೇಕು.

“ಕಾಫಿ ಚೆನ್ನಾಗಿದೆ. ನಮ್ಮ ಚರ್ಚಿನವರ ಹಾಗೆ ಮೊಟ್ಟೆ ಒಡೆದು ಹಾಕಿ ಕುದಿಸಿದ್ದೀರಿ ಅಲ್ವಾ?” ಎಂದೆ. “ಅರಿಜೋನಾದಲ್ಲೂ ಹೀಗೇ ಮಾಡ್ತಾರಾ?”

“ಎಲ್ಲೋ ನೋಡಿ ಕಲಿತೆ.”

“ಎಲ್ಲಿ ಅಂತ ನಾನು ಹೇಳ್ಲಾ?”

ಆಕೆ ಕರವಸ್ತ್ರದಿಂದ ಚಾಕು ಒರೆಸಿದಳು. ಎಡಗೈಯ ಎರಡು ಬೆರಳು ಮಡಚುತ್ತಿರಲಿಲ್ಲ, ನೆಟ್ಟಗೆ ನಿಂತಿದ್ದವು. ಐವತ್ತು ದಾಟಿದ ಮುಖ, ದಪ್ಪ ಕನ್ನಡಕ, ಗಂಡಸರ ಹಾಗೆ ಕತ್ತರಿಸಿದ ನರೆಗೂದಲು. ಹೆದರಿದವರಂತೆ ಕಾಣಲಿಲ್ಲ. ಬಸ್ಸಿಗಾಗಿ ತುಂಬ ಹೊತ್ತು ಕಾದು ಕೂತವರಂತೆ ಕಂಡಳು.

ನಾನು ಸುತ್ತಿ ಬಳಸದೆ ಹೇಳಿದೆ. ಪಿಕಪ್ ಅವತ್ತು ನಿಮ್ಮ ಹತ್ತಿರ ಇತ್ತು. ಆರ್ಲಿಸಳ ಹುಟ್ಟಿದ ತಾರೀಖು ಬಾಯಿಪಾಠ ಇರುವವರು ಆಕೆಯನ್ನು ಬಲ್ಲವರು, ಅಂದರೆ ನಮ್ಮೂರಿನವರು. ಬಾಯಿಗೆ ಬಂದ ಹೆಸರು ಹೇಳಿ ಪೊಲೀಸರಿಗೆ ಟೋಪಿ ಹಾಕಿದರೆ ನಮ್ಮ ರಾಜ್ಯದಲ್ಲಿ ಸಣ್ಣ ಶಿಕ್ಷೆ. ಬದುಕಿರುವ ಒಬ್ಬರ ಹೆಸರು ಹೇಳಿದರೆ ಅದಕ್ಕಿಂತ ದೊಡ್ಡದು. ಹೆಸರು ಕದ್ದ ಅಪರಾಧಕ್ಕೆ ಬೇರೆಯೇ ಕಾನೂನಿದೆ, ಅದಕ್ಕೆ ಮೆಟ್ಟಿಲುಗಳಿವೆ. ಎಷ್ಟು ಜನರ ಹೆಸರು ಕದ್ದಿರಿ, ಅವರಿಗೆ ಎಷ್ಟು ನಷ್ಟವಾಯಿತು ಎಂಬುದರ ಮೇಲೆ ಶಿಕ್ಷೆ ಏರುತ್ತದೆ. ಕೆಳಗಿನ ಮೆಟ್ಟಿಲಿನಲ್ಲಿ ಕೆಲವು ದಿನಗಳ ಜೈಲು, ತುತ್ತತುದಿಯಲ್ಲಿ ಇಪ್ಪತ್ತು ವರ್ಷ. ನೀವಿನ್ನೂ ಕೆಳಗಿದ್ದೀರಿ. ಮಂಗಳವಾರ ಶಾಲೆ ಶುರು, ಅಷ್ಟರಲ್ಲಿ ಆರ್ಲಿಸಳ ಕೆಲಸ ಹೋದರೆ ಮೇಲೆ ಹತ್ತುತ್ತೀರಿ.

ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಮುಗಿಸಿದ ಮೇಲೆ ಕೇಳಿದ್ದು ಶಿಕ್ಷೆಯ ಬಗ್ಗೆ ಅಲ್ಲ.

“ದೂರು ಅವಳೇ ಕೊಟ್ಟಳಾ?”

“ಅವಳದೇ ಸಹಿ ಇದೆ.”

“ಎಷ್ಟು ಸಲ ಬೇಡ ಅಂದಳು?”

ಆ ಪ್ರಶ್ನೆ ನನಗೆ ವಿಚಿತ್ರವೆನಿಸಲಿಲ್ಲ. ನಮ್ಮವರಲ್ಲದೆ ಇನ್ಯಾರೂ ಕೇಳದ ಪ್ರಶ್ನೆ ಅದು, ಆಕೆ ಒಪ್ಪಿಕೊಂಡ ಹಾಗೇ ಆಯಿತು ಎಂದು ಒಳಗೊಳಗೇ ಬೀಗಿದೆ.

“ಮೂರು ಸಲ,” ಎಂದೆ.

“ಮೂರನೇ ಸಲಾನೂ ಬೇಡ ಅಂದಳಾ?”

“ಹೂಂ.”

“ಹಾಗಾದ್ರೆ ಅದು ಬೇಡ ಅಂತಾನೇ ಕಣ್ರೀ.”

ನನ್ನ ಜಂಬ ಅಲ್ಲೇ ಇಳಿಯಿತು. ಕಿಟಕಿಯ ಕಡೆ ತಿರುಗಿದ ಆರ್ಲಿಸಳ ಮುಖ ಕಣ್ಣಮುಂದೆ ಬಂತು. ನಾನು ಐವತ್ತೈದು ವರ್ಷ ಇದೇ ಜನರ ನಡುವೆ ಬದುಕಿದವನು. ಮೂರನೆಯ ಸಲ ಯಾರೂ ಬೇಡ ಅನ್ನುವುದಿಲ್ಲ, ನಿಜವಾಗಿ ಬೇಡವಾಗಿದ್ದರೆ ಹೊರತು. ಕೊಟ್ಟ ಪೆನ್ನನ್ನು ಆಕೆ ತೆಗೆದುಕೊಂಡದ್ದು ಪಕ್ಕದಲ್ಲಿ ಮುಖ್ಯಸ್ಥರು ಕೂತಿದ್ದರೆಂದು. ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದೀಯ ಎಂಬ ಪ್ರಶ್ನೆ ಬರುತ್ತಿತ್ತು.

“ಅವಳ ಹೆಸರು ನಾನು ಕದ್ದಿದ್ದಲ್ಲ,” ಎಂದಳು ಆಕೆ. “ಅವಳೇ ಕೊಟ್ಟಿದ್ದು.”

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುವ ಸದ್ದು ನಿಂತಿತು. ವೆಂಡೆಲ್ ಬಾಗಿಲಲ್ಲಿ ಇಣುಕಿ, ನಮ್ಮಿಬ್ಬರ ಮುಖ ನೋಡಿ ಹೋಟೆಲಿನ ಮುಂಭಾಗಕ್ಕೆ ಹೋದ.

ಆಕೆ ಮೆಲ್ಲಗೆ ಹೇಳುತ್ತಾ ಹೋದಳು. ಹಲವು ವರ್ಷಗಳ ಹಿಂದೆ ಆಕೆಗೆ ಒಂದು ಮನೆಯಿಂದ ಹೊರಬರಬೇಕಿತ್ತು. ಗಂಡನಿಗೆ ಪರಿಚಯವಿಲ್ಲದ ಕಾರು ಆ ಊರಿನಲ್ಲಿರಲಿಲ್ಲ, ಪರಿಚಯವಿಲ್ಲದ ಪೊಲೀಸಿನವನೂ ಇರಲಿಲ್ಲ. ಒಮ್ಮೆ ದೂರು ಕೊಡಲು ಹೋಗಿದ್ದಳು. ಕಾಫಿ ಕೊಟ್ಟು, ಸಮಾಧಾನ ಹೇಳಿ, ತಾವೇ ಕಾರಿನಲ್ಲಿ ಕೂರಿಸಿಕೊಂಡು ಅದೇ ಮನೆಯ ಬಾಗಿಲಿಗೆ ಬಿಟ್ಟು ಬಂದರು. ಆ ವಾರವೇ ಬೆರಳುಗಳು ಹೋದವು.

“ಕಾರಿನ ಬಾಗಿಲು,” ಎಂದಳು ಕೈಯೆತ್ತಿ. “ಸಿಟ್ಟಲ್ಲಿ ಹಾಕಿದ್ದಲ್ಲ. ನಿಧಾನಕ್ಕೆ ಹಾಕಿದ್ದು.”



ಆರ್ಲಿಸ್ ಆಕೆಯನ್ನು ಊರು ದಾಟಿಸಿದ್ದು ಶಾಲಾ ಬಸ್ಸಿನಲ್ಲಿ. ಮೊದಲ ಮಗು ಹತ್ತುವ ಮುನ್ನ ಆ ಬಸ್ಸು ಬೆಳಗಿನ ಜಾವದಲ್ಲಿ ಹೊಲಗಳ ನಡುವೆ ಖಾಲಿ ಓಡುತ್ತದೆ. ಖಾಲಿ ಶಾಲಾ ಬಸ್ಸನ್ನು ತಡೆದು ಒಳಗೆ ಇಣುಕುವವರು ಯಾರೂ ಇಲ್ಲ. ಎದುರು ಬಂದವರೆಲ್ಲ ಬೆರಳೆತ್ತಿ ನಮಸ್ಕಾರ ಹೇಳಿ ಹೋದರಂತೆ. ಸೀಟಿನ ಕೆಳಗೆ ಮುದುಡಿಕೊಂಡಿದ್ದವಳಿಗೆ ಆರ್ಲಿಸ್ ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟಳು. ಯಾರಾದರೂ ತಡೆದರೆ ನನ್ನ ಹೆಸರು ಹೇಳು, ನನ್ನ ತಾರೀಖು ಹೇಳು, ನನ್ನ ಹೆಸರಿನ ಮೇಲೆ ಒಂದು ಕಪ್ಪು ಚುಕ್ಕೆಯೂ ಇಲ್ಲ, ಬಿಟ್ಟುಬಿಡುತ್ತಾರೆ.

“ಇಷ್ಟು ವರ್ಷದಲ್ಲಿ ಒಂದೇ ಸಲ ಹೇಳಿದೆ. ಆ ಕಂಬದ ಹತ್ರ. ಬಾಯಿಗೆ ತಾನೇ ಬಂತು. ಕೋರ್ಟಿಗೆ ಹೋದ್ರೆ ಗುರುತಿನ ಚೀಟಿ ತೋರಿಸಬೇಕಲ್ಲ, ಅದಕ್ಕೇ ಹೋಗ್ಲಿಲ್ಲ. ಅವಳ ಬಸ್ಸಿಗೇ ಕುತ್ತು ಬರುತ್ತೆ ಅಂತ ಹೊಳೀಲೇ ಇಲ್ಲ ನೋಡಿ.” ಆಕೆಯ ಕಣ್ಣು ತುಂಬಿತು. “ಎಂಥಾ ಕೆಲಸ ಮಾಡಿಬಿಟ್ಟೆ.”

ನಾನು ತಲೆ ಕೆಳಗೆ ಹಾಕಿ ಲೆಕ್ಕ ಹಾಕಿದೆ. ಈಕೆಯ ಹೆಸರು ಬರೆದರೆ ಆರ್ಲಿಸಳ ಬಸ್ಸು ಉಳಿಯುತ್ತದೆ ಎಂದುಕೊಂಡು ಬಂದಿದ್ದೆ. ಈಗ ಅದೂ ಇಲ್ಲ. ಗೊತ್ತಿದ್ದೂ ಹೆಸರು ಕೊಟ್ಟವಳನ್ನು ಕಾನೂನು ಕಳಕೊಂಡವಳು ಅನ್ನುವುದಿಲ್ಲ, ಕೈಜೋಡಿಸಿದವಳು ಅನ್ನುತ್ತದೆ. ಮೇಲೆ, ಕಳುವಾಗಿದೆ ಎಂದು ದೂರಿಗೆ ಸಹಿ ಬೇರೆ ಹಾಕಿದ್ದಾಳೆ. ಸಹಿ ಹಾಕಿಸಿದವನು ನಾನು.

ಆಕೆಗೂ ಅದು ಅರ್ಥವಾಗಿತ್ತು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡು ನೆಟ್ಟಗೆ ಕೂತಳು.

“ಕದ್ದೆ ಅಂತಾನೇ ಬರ್ಕೊಳ್ಳಿ.”

“ಏನಂದ್ರಿ?”

“ಬಸ್ ಶೆಡ್ಡಲ್ಲಿ ತಾರೀಖು ನೋಡಿ ಕದ್ದೆ ಅಂತ ಬರ್ಕೊಳ್ಳಿ. ಅವಳಿಗೆ ಏನೂ ಗೊತ್ತಿಲ್ಲ. ನಾನು ಸಹಿ ಹಾಕ್ತೀನಿ. ಶನಿವಾರದೊಳಗೆ ಎಲ್ಲಾ ಮುಗಿಸಿ, ಮಂಗಳವಾರ ಅವಳು ಬಸ್ಸು ಹತ್ತಲಿ.”

“ಜೈಲಾಗುತ್ತೆ ನಿಮಗೆ.”

“ಆಗ್ಲಿ. ಕೇಸು ಇಲ್ಲೇ ತಾನೆ, ವಾಂಗ್‌ನಲ್ಲೇ?”

ಅಲ್ಲ ಎಂದು ಹೇಳಬೇಕಾಯಿತು. ಹೆಸರು ಕಳಕೊಂಡವರು ಊರೂರು ಅಲೆಯಬಾರದೆಂದು ನಮ್ಮ ಕಾನೂನಿನಲ್ಲಿ ಒಂದು ಅನುಕೂಲವಿದೆ. ಅವರು ವಾಸವಿರುವ ಜಿಲ್ಲೆಯಲ್ಲೇ ಕೇಸು ನಡೆಸಬಹುದು. ಆರ್ಲಿಸಳ ಊರಿನ ಕೋರ್ಟಿನಲ್ಲೇ ನಡೆಯುತ್ತದೆ ಎಂದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಕಾನೂನು, ನಾನೂ ಹೆಮ್ಮೆಯಿಂದಲೇ ಹೇಳಿದೆ.

ಆಕೆಯ ಮುಖದ ರಕ್ತ ಇಳಿದುಹೋಯಿತು. ಇಷ್ಟು ಹೊತ್ತು ಜೈಲಿಗೂ ಹೆದರದವಳು ಮೇಜಿನ ಅಂಚು ಹಿಡಿದುಕೊಂಡಳು.

“ಅಲ್ಲಿ ಸರ್ಕಾರಿ ವಕೀಲರು ಈಗಲೂ ರಾಯ್ಸೇನಾ?”

ಎಲ್ಲರ ಹಾಗೆ ಹೌಗ್ಲಂಡ್ ಅವರು ಅನ್ನಲಿಲ್ಲ. ರಾಯ್ಸ್ ಎಂದಳು, ದಿನವೂ ಕರೆದು ಸವೆದ ಹೆಸರನ್ನು ಕರೆಯುವ ಹಾಗೆ.

ರಾಯ್ಸ್ ಹೌಗ್ಲಂಡರ ಮೇಜಿನ ಮೇಲೊಂದು ಫೋಟೊ ಇದೆ. ಉದ್ದ ಹೊಂಬಣ್ಣದ ಕೂದಲಿನ ಹೆಂಗಸು ದೋಣಿಯ ತುದಿಯಲ್ಲಿ ಕೂತು ನಗುತ್ತಿದ್ದಾಳೆ. ಅವರ ಹೆಂಡತಿ ಕಾರ್ನಾ. ನಾನು ಬೇರೆ ಊರಿನಿಂದ ಆ ಜಿಲ್ಲೆಗೆ ಕೆಲಸಕ್ಕೆ ಬರುವ ಮೊದಲೇ ಸರೋವರದಲ್ಲಿ ದೋಣಿ ಮಗುಚಿ ತೀರಿಕೊಂಡವಳು. ಹೆಣ ಸಿಗಲಿಲ್ಲ, ಖಾಲಿ ಪೆಟ್ಟಿಗೆ ಹೂತರು. ಇವತ್ತಿಗೂ ಚರ್ಚಿನ ಹೆಂಗಸರು ಸರದಿಯಲ್ಲಿ ರಾಯ್ಸ್ ಮನೆಗೆ ಊಟ ತಲುಪಿಸುತ್ತಾರೆ. ಅಂಥ ಸಂಭಾವಿತ, ದನಿ ಏರಿಸಿದ್ದನ್ನು ಯಾರೂ ಕೇಳಿಲ್ಲ ಎಂದು ಊರಿಗೆ ಊರೇ ಹೇಳುತ್ತದೆ. ನಾನೂ ಹೇಳಿದ್ದೇನೆ.

ಎದುರಿಗೆ ಕೂತವಳ ಮುಖದಿಂದ ಕನ್ನಡಕ ತೆಗೆದು, ಕೂದಲು ಉದ್ದ ಮಾಡಿ, ನಗು ಸೇರಿಸಿ ನೋಡಿದೆ. ನಗು ಸೇರಿಸುವುದಷ್ಟೇ ಕಷ್ಟವಾಯಿತು. ಆ ದೋಣಿ ತಾನಾಗಿ ಮಗುಚಿದ್ದಲ್ಲ.

“ಕಾರ್ನಾ,” ಎಂದೆ.

ಆಕೆ ತಲೆಯಾಡಿಸಿದಳು. ಬಹಳ ವರ್ಷಗಳ ನಂತರ ಕಿವಿಗೆ ಬಿದ್ದ ಹೆಸರು. ಅದಕ್ಕೆ ಓಗೊಡುವ ಅಭ್ಯಾಸ ತಪ್ಪಿಹೋದಂತಿತ್ತು.

“ನಾನಿಲ್ಲಿದ್ದೀನಿ ಅಂತ ಯಾರಿಗಾದ್ರೂ ಹೇಳಿದ್ದೀರಾ, ಕ್ವಿಸ್ಟ್ ಅವರೇ?”

ಬೆಳಿಗ್ಗೆ ಹೊರಡುವ ಮುನ್ನ ರಾಯ್ಸ್ ಕೋಣೆಗೆ ಹೋಗಿದ್ದೆ. ಕೇಸು ನಡೆಸಬೇಕಾದವರು ಅವರು, ತೋರಿಸದೆ ಇರುವುದು ಹೇಗೆ. ಪೊಲೀಸ್ ಚೀಟಿಯ ನಕಲನ್ನು ಅವರು ಬಹಳ ಹೊತ್ತು ನೋಡಿದರು. ಸಹಿಯ ಮೇಲೆ ಬೆರಳಿಟ್ಟು, ಅಕ್ಷರಗಳ ಮೇಲೆ ಮೆಲ್ಲಗೆ ಆಡಿಸಿದರು. ನದಿಯಾಚೆಯ ಪೊಲೀಸರಿಗೆ ಈಗಲೇ ತಿಳಿಸುವುದು ಬೇಡ, ನಮ್ಮಲ್ಲೇ ನಡೆಸೋಣ ಎಂದರು. ಯಾವ ಹೋಟೆಲು ಎಂದು ಕೇಳಿದರು. ಆರ್ಲಿಸಳ ಮೇಲೆ ಎಷ್ಟು ಕಾಳಜಿ ಈ ಮನುಷ್ಯನಿಗೆ ಎಂದುಕೊಂಡು, ಹೋಟೆಲಿನ ಹೆಸರನ್ನೂ ಹೆದ್ದಾರಿಯ ತಿರುವನ್ನೂ ಹೇಳಿ ಬಂದಿದ್ದೆ.

ನನ್ನ ಮುಖ ನೋಡಿಯೇ ಆಕೆಗೆ ತಿಳಿಯಿತು. ಉತ್ತರ ಬೇಕಾಗಿರಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಕಾಲು ತುಂಡನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಯಾರಿಗೂ ಉಳಿಸಲಿಲ್ಲ.

“ಹಿಂದಿನ ಬಾಗಿಲು ಎಲ್ಲಿದೆ?” ಎಂದು ಕೇಳಿದೆ.

ಅಷ್ಟರಲ್ಲಿ ವೆಂಡೆಲ್ ಮುಂಭಾಗದಿಂದ ಒಳಗೆ ಬಂದ. ಕೈಯಲ್ಲಿ ಕಾಫಿಯ ಹೂಜಿ ಹಾಗೇ ಇತ್ತು.

“ಕಾನಿ, ಹೊರಗೆ ಯಾರೋ ಬಂದಿದಾರೆ. ಒಳ್ಳೆ ಮರ್ಯಾದಸ್ಥರು, ಮೆತ್ತಗೆ ಮಾತಾಡ್ತಾರೆ. ಕಾಫಿ ಕೊಡ್ಲಾ ಅಂತ ಮೂರು ಸಲ ಕೇಳಿದೆ, ಮೂರು ಸಲಾನೂ ಬೇಡ ಅಂದ್ರು.” ಅವನು ನನ್ನನ್ನೂ ಆಕೆಯನ್ನೂ ನೋಡಿ ದನಿ ತಗ್ಗಿಸಿದ. “ಹೆಂಡತೀನ ಮನೆಗೆ ಕರ್ಕೊಂಡು ಹೋಗೋಕೆ ಬಂದಿದೀನಿ ಅಂತಾರೆ.”